ಸ್ಟಾರ್‌ಗೆ ಕಾಣದ ಚುಕ್ಕಿ ಫೈಲುಗಳು: ಆರ್‌ಸಿಂಕ್ ಕಲಿಯುವವರಿಗೆ ಟಿಪ್ಪಣಿ

ಫೈಲುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡುವ ಆರ್‌ಸಿಂಕ್ ಎಂಬ ಕಮಾಂಡ್ ಕಲಿಯಲು ಕೂತವರು ಬಲುಬೇಗ ಕೇಳುವ ಪ್ರಶ್ನೆ ಇದು: ಹಿಡನ್ ಫೈಲುಗಳೂ (ಹೆಸರು ಚುಕ್ಕಿಯಿಂದ ಶುರುವಾಗಿ, ಪಟ್ಟಿಯಲ್ಲಿ ಕಾಣದಂಥವು) ಕಾಪಿ ಆಗಬೇಕಾದರೆ ಯಾವ ಆಪ್ಷನ್ ಹಾಕಬೇಕು? ಅಂಥ ಆಪ್ಷನ್ ಇಲ್ಲ. ಕಮಾಂಡಿನ ಕೈಪಿಡಿಯಾದ ಮ್ಯಾನ್ ಪೇಜನ್ನು ಮೇಲಿಂದ ಕೆಳಗೆ ಜಾಲಾಡಿದರೂ ಸಿಗುವುದಿಲ್ಲ, ಏಕೆಂದರೆ ಆರ್‌ಸಿಂಕ್ ಪಾಲಿಗೆ ಹಿಡನ್ ಫೈಲ್ ಎಂಬುದೇ ಇಲ್ಲ. ಚುಕ್ಕಿಯಿಂದ ಶುರುವಾಗುವ ಹೆಸರೂ ಅದಕ್ಕೆ ಎಲ್ಲ ಹೆಸರುಗಳಂತೆಯೇ. ಹಾಗಿದ್ದೂ ಎಷ್ಟೋ ಬ್ಯಾಕಪ್‌ಗಳಲ್ಲಿ ಚುಕ್ಕಿ ಫೈಲುಗಳು ಇರುವುದಿಲ್ಲ, ಒಂದು ಎರರ್ ಕೂಡ ಬಂದಿರುವುದಿಲ್ಲ. ಅವನ್ನು ಬಿಟ್ಟುಬಂದವರು ಯಾರು ಎಂದು ಹುಡುಕಿದರೆ ಇಡೀ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಾಸನದಲ್ಲಿ ಒಟ್ಟಿಗೆ ಕೂತು ಲಿನಕ್ಸ್ ಕಲಿಯುತ್ತಿರುವ ನಮ್ಮ ಬಳಗಕ್ಕೆಂದು ಬರೆದಿಟ್ಟ ಟಿಪ್ಪಣಿ ಇದು. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಕಮಾಂಡ್ ಮತ್ತು ಆಪ್ಷನ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಲಿನಕ್ಸ್‌ಗೆ ಅಡ್ಡಿಯಿಲ್ಲ.

ಉದಾಹರಣೆಗೆ ಒಂದು ಫೋಲ್ಡರ್ ಇಟ್ಟುಕೊಳ್ಳೋಣ. ಸಕಲೇಶಪುರದ ಕಡೆ ಕಾಫಿ ತೋಟದವರು ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ಹೂಮಳೆ ಯಾವ ದಿನ ಬಂತು, ಎಷ್ಟು ಬಂತು ಎಂಬ ಹಳೆಯ ಲೆಕ್ಕಕ್ಕೆ ತೋಟದಲ್ಲಿ ಬಹಳ ಬೆಲೆ. ಆ ಲೆಕ್ಕವೆಲ್ಲ ‘ತೋಟ’ ಎಂಬ ಫೋಲ್ಡರಿನಲ್ಲಿದೆ. ಅದರೊಳಗೆ ‘ಮಳೆ.ಸಿಎಸ್‌ವಿ’ ಎಂಬ ಫೈಲು, ‘ಕೂಲಿ’ ಮತ್ತು ‘ಫೋಟೊ’ ಎಂಬ ಎರಡು ಫೋಲ್ಡರುಗಳು. ಇವು ಕಣ್ಣಿಗೆ ಕಾಣುವಂಥವು. ಜೊತೆಗೆ ಚುಕ್ಕಿಯವು ಮೂರು: ಪ್ರತಿ ತಿದ್ದುಪಡಿಯ ಚರಿತ್ರೆ ಇರುವ ‘.ಗಿಟ್’ ಫೋಲ್ಡರ್, ಪಾಸ್‌ವರ್ಡ್ ಇರುವ ‘.ಎನ್ವ್’ ಫೈಲು, ಮತ್ತು ‘ಫೋಟೊ’ ಫೋಲ್ಡರಿನ ಒಳಗೆ ‘.ಸೂಚಿ’ ಎಂಬ ಫೈಲು. ಈ ಮೂರನೆಯದು ಒಂದು ಹಂತ ಕೆಳಗಿದೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಚುಕ್ಕಿ ಇಟ್ಟರೆ ಫೈಲು ಏಕೆ ಮರೆಯಾಗುತ್ತದೆ?

ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಬಳಗದಲ್ಲಿ ಕೆಲಸ ಮಾಡಿದ ರಾಬ್ ಪೈಕ್ 2012ರಲ್ಲಿ ಇದರ ಹಿನ್ನೆಲೆ ಬರೆದಿದ್ದರು. ಪ್ರತಿ ಫೋಲ್ಡರಿನಲ್ಲೂ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಎರಡು ನಮೂದುಗಳಿರುತ್ತವೆ. ಒಂದು ಚುಕ್ಕಿ ಎಂದರೆ ಈ ಫೋಲ್ಡರೇ, ಎರಡು ಚುಕ್ಕಿ ಎಂದರೆ ಇದರ ಮೇಲಿನ ಫೋಲ್ಡರ್. ಎಲ್‌ಎಸ್ ಕಮಾಂಡ್ ಇವೆರಡನ್ನು ಪಟ್ಟಿಯಲ್ಲಿ ತೋರಿಸಬಾರದೆಂದು ಪ್ರೋಗ್ರಾಮಿನಲ್ಲಿ ಒಂದು ಚಿಕ್ಕ ಪರೀಕ್ಷೆ ಹಾಕಿದರು: ಹೆಸರಿನ ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ಬಿಟ್ಟುಬಿಡು. ಪೂರ್ತಿ ಹೆಸರನ್ನು ಹೋಲಿಸದೆ ಮೊದಲ ಅಕ್ಷರವನ್ನಷ್ಟೇ ನೋಡಿದ್ದರಿಂದ, ಚುಕ್ಕಿಯಿಂದ ಶುರುವಾಗುವ ಎಲ್ಲ ಹೆಸರುಗಳೂ ಮರೆಯಾದವು. ಆಮೇಲೆ ಪ್ರೋಗ್ರಾಮುಗಳು ತಮ್ಮ ಸೆಟ್ಟಿಂಗ್‌ಗಳನ್ನು ಹಾಗೇ ಇಡತೊಡಗಿ ಅದೇ ವಾಡಿಕೆಯಾಯಿತು.

ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು. ಲಿನಕ್ಸ್‌ನಲ್ಲಿ ಫೈಲಿನ ಮೇಲೆ ‘ಇದು ಹಿಡನ್’ ಎಂಬ ಗುರುತು ಡಿಸ್ಕಿನಲ್ಲಿ ಎಲ್ಲೂ ಇಲ್ಲ. ಎಲ್‌ಎಸ್, ಫೈಲ್ ಮ್ಯಾನೇಜರ್, ಶೆಲ್ (ಟರ್ಮಿನಲ್‌ನಲ್ಲಿ ಒತ್ತಿದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಮು) ಇವು ತಮ್ಮ ತಮ್ಮ ಮಟ್ಟಿಗೆ ಪಾಲಿಸುವ ಪದ್ಧತಿ ಅದು. ಆರ್‌ಸಿಂಕ್ ಅದನ್ನು ಪಾಲಿಸುವುದಿಲ್ಲ. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ಅದನ್ನು ಹೊರತಂದಾಗಿನಿಂದ ಅದರ ಕೆಲಸ ಎರಡು ಕಡೆಯ ಫೈಲುಗಳನ್ನು ಹೋಲಿಸಿ ವ್ಯತ್ಯಾಸವನ್ನಷ್ಟೇ ಸಾಗಿಸುವುದು. ಹೆಸರಿನಲ್ಲಿ ಚುಕ್ಕಿ ಇದೆಯೇ ಇಲ್ಲವೇ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ.

ಸ್ಟಾರ್ ಮಾಡುವ ಕೆಲಸ

ನಿಜವಾದ ತೊಡಕು ಇಲ್ಲಿದೆ. ಎಷ್ಟೋ ಜನ ಹೀಗೆ ಬರೆಯುತ್ತಾರೆ:

ಆರ್‌ಸಿಂಕ್ -ಎ ತೋಟ/* ಬ್ಯಾಕಪ್/

-ಎ ಎಂದರೆ ಒಳಗಿನ ಫೋಲ್ಡರುಗಳಿಗೂ ಇಳಿದು, ಸಮಯ, ಅನುಮತಿಗಳ ಸಮೇತ ಕಾಪಿ ಮಾಡು ಎಂದು. ‘ಯಾವ ಹೆಸರಾದರೂ ಸರಿ’ ಎಂಬರ್ಥದ ಇಲ್ಲಿನ ಸ್ಟಾರ್ (*) ಆರ್‌ಸಿಂಕ್‌ವರೆಗೆ ಹೋಗುವುದೇ ಇಲ್ಲ. ಬ್ಯಾಶ್ ಶೆಲ್ ಅದನ್ನು ಮೊದಲೇ ಬಿಡಿಸಿ, ಅದರ ಜಾಗದಲ್ಲಿ ಹೆಸರುಗಳ ಪಟ್ಟಿ ಇಟ್ಟು, ಆಮೇಲೆ ಆರ್‌ಸಿಂಕನ್ನು ಕರೆಯುತ್ತದೆ. ಬಿಡಿಸುವಾಗ ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಸೇರಿಸುವುದಿಲ್ಲ. ಅದು ಶೆಲ್ಲಿನ ನಿಯಮ. ದಿನಸಿ ಅಂಗಡಿಗೆ ಚೀಟಿ ಕೊಟ್ಟು ಕಳಿಸಿದ ಹಾಗೆ: ಚೀಟಿಯಲ್ಲಿ ಬೆಲ್ಲ ಬರೆದಿಲ್ಲದಿದ್ದರೆ ಅಂಗಡಿಯವರು ಬೆಲ್ಲ ಕಟ್ಟುವುದಿಲ್ಲ, ಬೆಲ್ಲ ಏಕೆ ಬೇಡ ಎಂದು ಕೇಳುವುದೂ ಇಲ್ಲ. ಎರರ್ ಬಾರದಿರುವುದಕ್ಕೆ ಕಾರಣ ಇದೇ. ಕೇಳಿದ್ದನ್ನೆಲ್ಲ ಆರ್‌ಸಿಂಕ್ ಸರಿಯಾಗಿಯೇ ಸಾಗಿಸಿದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಆರ್‌ಸಿಂಕ್ ಬದಲು, ಕೊಟ್ಟದ್ದನ್ನು ಹಾಗೇ ತೆರೆಯ ಮೇಲೆ ಬರೆಯುವ ಎಕೋ ಕಮಾಂಡ್ ಹಾಕಿ:

ಎಕೋ ತೋಟ/*

ಕೂಲಿ, ಫೋಟೊ, ಮಳೆ ಫೈಲು, ಮೂರೇ ಹೆಸರು ಬರುತ್ತವೆ. ಆರ್‌ಸಿಂಕ್ ಕೈಗೆ ಸಿಗುವುದೂ ಈ ಮೂರೇ. ಹೊಸಬರು ಯಾವ ಕಮಾಂಡಿನಲ್ಲಿ ಸ್ಟಾರ್ ಬಳಸಿದರೂ ಮೊದಲು ಎಕೋ ಹಾಕಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕೆಂದು ನನ್ನ ಒತ್ತಾಯ.

ಈಗ ‘.ಸೂಚಿ’ ಫೈಲಿಗೆ ಬನ್ನಿ. ಅದು ಬ್ಯಾಕಪ್‌ಗೆ ಹೋಗಿರುತ್ತದೆ! ‘ಫೋಟೊ’ ಎಂಬ ಹೆಸರು ಪಟ್ಟಿಯಲ್ಲಿತ್ತು, ಅದರೊಳಗೆ ಇಳಿದು ಹುಡುಕಿದ್ದು ಆರ್‌ಸಿಂಕ್. ಹಾಗಾಗಿ ಒಳಗಿನ ಹಂತಗಳ ಚುಕ್ಕಿ ಫೈಲುಗಳೆಲ್ಲ ಬರುತ್ತವೆ, ಮೊದಲ ಹಂತದವು ಮಾತ್ರ ಬಿಟ್ಟುಹೋಗುತ್ತವೆ. ಜನ ಮೋಸಹೋಗುವುದು ಇಲ್ಲೇ. ಬ್ಯಾಕಪ್ ತೆರೆದು ಎಲ್ಲೋ ಒಂದು ಚುಕ್ಕಿ ಫೈಲು ಕಂಡರೆ ‘ಹಿಡನ್ ಫೈಲುಗಳೂ ಬಂದಿವೆ’ ಎಂದು ನೆಮ್ಮದಿಯಾಗಿಬಿಡುತ್ತಾರೆ. ಬಹಳ ಮುಖ್ಯವಾದ ‘.ಗಿಟ್’ ಇರುವುದು ಮೊದಲ ಹಂತದಲ್ಲಿ.

ಸ್ಟಾರ್‌ನಿಂದ ಇನ್ನೊಂದು ತೊಂದರೆಯೂ ಇದೆ. --ಡಿಲೀಟ್ ಆಪ್ಷನ್ ಮೂಲದಲ್ಲಿ ಅಳಿಸಿದ್ದನ್ನು ಬ್ಯಾಕಪ್‌ನಲ್ಲೂ ಅಳಿಸುತ್ತದೆ. ಆದರೆ ಅದು ಕೆಲಸ ಮಾಡಬೇಕಾದರೆ ಇಡೀ ಫೋಲ್ಡರನ್ನು ಆರ್‌ಸಿಂಕ್‌ಗೆ ಒಪ್ಪಿಸಿರಬೇಕು. ಸ್ಟಾರ್ ಹಾಕಿದರೆ ಅದಕ್ಕೆ ಬಿಡಿ ಬಿಡಿ ಹೆಸರುಗಳಷ್ಟೇ ತಲುಪುವುದರಿಂದ, ಮೊದಲ ಹಂತದಲ್ಲಿ ಅಳಿಸಿದ ಫೈಲುಗಳು ಬ್ಯಾಕಪ್‌ನಲ್ಲಿ ಹಾಗೇ ಉಳಿದುಬಿಡುತ್ತವೆ.

ಸರಿಯಾದ ರೂಪ ಬಹಳ ಸರಳ:

ಆರ್‌ಸಿಂಕ್ -ಎ ತೋಟ/ ಬ್ಯಾಕಪ್/

ಕೊನೆಯಲ್ಲಿ ಸ್ಲ್ಯಾಶ್ ಇದ್ದರೆ ‘ತೋಟದ ಒಳಗಿರುವುದೆಲ್ಲ’ ಎಂದರ್ಥ, ಚುಕ್ಕಿಯವೂ ಸೇರಿ. ಸ್ಲ್ಯಾಶ್ ಇಲ್ಲದಿದ್ದರೆ ‘ತೋಟ’ ಎಂಬ ಫೋಲ್ಡರೇ ಹೋಗಿ ಬ್ಯಾಕಪ್‌ನ ಒಳಗೆ ಕೂರುತ್ತದೆ. ಆಗಲೂ ಚುಕ್ಕಿಯವು ಬರುತ್ತವೆ. ಲಿನಕ್ಸ್‌ನ ಸಾದಾ ಕಾಪಿ ಕಮಾಂಡ್ ಸಿಪಿ ಬಳಸುವವರು ‘ಸಿಪಿ -ಎ ತೋಟ/. ಬ್ಯಾಕಪ್/’ ಎಂದು ಬರೆಯಬಹುದು. ಅಲ್ಲಿ ಸ್ಲ್ಯಾಶಿನ ನಂತರದ ಚುಕ್ಕಿ ಬೇಕೇ ಬೇಕು. ಟಾರ್ (ಎಲ್ಲ ಫೈಲುಗಳನ್ನೂ ಒಂದೇ ಫೈಲಿನ ಗಂಟಾಗಿಸುವುದು) ಕಟ್ಟುವಾಗಲೂ ಸ್ಟಾರ್ ಬಿಟ್ಟು ಫೋಲ್ಡರಿನ ಹೆಸರನ್ನೇ ಕೊಡಿ.

ಬ್ಯಾಶ್‌ನಲ್ಲಿ ಡಾಟ್‌ಗ್ಲಾಬ್ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಸ್ಟಾರ್ ಚುಕ್ಕಿ ಹೆಸರುಗಳನ್ನೂ ಹಿಡಿಯುತ್ತದೆ. ಬ್ಯಾಕಪ್‌ಗೆ ಅದನ್ನು ನೆಚ್ಚಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ನಮ್ಮ ಟರ್ಮಿನಲ್‌ನಲ್ಲಿ ಆನ್ ಇದ್ದದ್ದು, ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್ ರಾತ್ರಿ ಓಡಿಸುವ ಸ್ಕ್ರಿಪ್ಟಿನಲ್ಲಿ ಆನ್ ಇರುವುದಿಲ್ಲ. ಇನ್ನು ಕೆಲವರು ‘ತೋಟ/.*’ ಎಂದು ಸೇರಿಸುತ್ತಾರೆ. ಇದು ಅಪಾಯ. 2022ರಲ್ಲಿ ಬಂದ ಬ್ಯಾಶ್ 5.2ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಈ ರೂಪ ಎರಡು ಚುಕ್ಕಿಯ ಹೆಸರನ್ನೂ ಹಿಡಿಯುತ್ತದೆ. ಎಂದರೆ ಮೇಲಿನ ಫೋಲ್ಡರ್ ಇಡಿಯಾಗಿ ಬ್ಯಾಕಪ್‌ಗೆ ಎಳೆದುಕೊಂಡು ಬರುತ್ತದೆ.

ಬೇಡದ್ದನ್ನು ಬಿಡುವುದು

ಎಲ್ಲವೂ ಬರುತ್ತದೆ ಎಂದಾದ ಮೇಲೆ ಕೆಲವು ಬೇಡ ಅನ್ನಿಸುತ್ತದೆ. ಬ್ರೌಸರಿನ ‘.ಕ್ಯಾಶ್’ ಫೋಲ್ಡರ್, ಮ್ಯಾಕ್ ಬಿಟ್ಟುಹೋಗುವ ‘.ಡಿಎಸ್_ಸ್ಟೋರ್’ ಇಂಥವು. ತಟ್ಟನೆ ಹೊಳೆಯುವುದು --ಎಕ್ಸ್‌ಕ್ಲೂಡ್='.*' ಎಂಬ ರೂಪ. ಅದು ಪ್ರತಿ ಹಂತದಲ್ಲೂ ಚುಕ್ಕಿಯ ಹೆಸರುಗಳನ್ನೆಲ್ಲ ಬಿಡುತ್ತದೆ, ಕಸದ ಜೊತೆಗೆ ‘.ಗಿಟ್’ ಕೂಡ ಹೋಗುತ್ತದೆ. ತೋಟದ ಲೆಕ್ಕ ಉಳಿದು ಅದರ ಚರಿತ್ರೆ ಕಳೆದುಹೋದರೆ ಅರ್ಧ ಬ್ಯಾಕಪ್ಪೇ ಆಯಿತು. ಬೇಡದ್ದನ್ನು ಒಂದೊಂದಾಗಿ ಹೆಸರಿಸಿಯೇ ಬಿಡಿ ಎಂದು ಹೇಳುತ್ತೇನೆ:

ಆರ್‌ಸಿಂಕ್ -ಎ --ಎಕ್ಸ್‌ಕ್ಲೂಡ್='.ಕ್ಯಾಶ್/' --ಎಕ್ಸ್‌ಕ್ಲೂಡ್='.ಡಿಎಸ್_ಸ್ಟೋರ್' ತೋಟ/ ಬ್ಯಾಕಪ್/

ಈ ಕೋಟ್ ಚಿಹ್ನೆಗಳನ್ನು ಬಿಡಬೇಡಿ, ಅವು ಇಲ್ಲದಿದ್ದರೆ ಶೆಲ್ ನಡುವೆ ಬಂದು ಮಾದರಿಯನ್ನು ಬಿಡಿಸಲು ನೋಡುತ್ತದೆ. ಇನ್ನೊಂದು ಸೂಕ್ಷ್ಮ: ಕೋಟ್ ಒಳಗೆ ಹೋದ ಸ್ಟಾರ್ ಆರ್‌ಸಿಂಕ್‌ನ ಸ್ಟಾರ್. ಅದು ಚುಕ್ಕಿಯ ಹೆಸರುಗಳನ್ನೂ ಹಿಡಿಯುತ್ತದೆ. ಹೀಗೆ ಒಂದೇ ಸಾಲಿನಲ್ಲಿ ಒಂದೇ ಚಿಹ್ನೆಗೆ ಎರಡು ನಡವಳಿಕೆ. ಯಾವ ಸ್ಟಾರನ್ನು ಯಾರು ಬಿಡಿಸುತ್ತಾರೆ ಎಂದು ಕೇಳಿಕೊಂಡರೆ ಗೊಂದಲ ಇರುವುದಿಲ್ಲ.

ಮಾದರಿಯ ಮೊದಲಿಗೆ ಸ್ಲ್ಯಾಶ್ ಇಟ್ಟರೆ ಅದು ಸಾಗಣೆಯ ಮೊದಲ ಹಂತಕ್ಕೆ ಮಾತ್ರ ಅನ್ವಯ. ಡಿಸ್ಕಿನ ರೂಟ್ (ಎಲ್ಲಕ್ಕಿಂತ ಮೇಲಿನ ಫೋಲ್ಡರ್) ಎಂದು ತಿಳಿಯಬೇಡಿ. ‘ತೋಟ/’ ಎಂದು ಕೊಟ್ಟಾಗ '/.ಎನ್ವ್' ಎಂದರೆ ತೋಟದ ಮೊದಲ ಹಂತದ ‘.ಎನ್ವ್’. ಸ್ಲ್ಯಾಶ್ ಇಲ್ಲದೆ ‘ತೋಟ’ ಎಂದಷ್ಟೇ ಕೊಟ್ಟರೆ ಅದನ್ನೇ '/ತೋಟ/.ಎನ್ವ್' ಎಂದು ಬರೆಯಬೇಕಾಗುತ್ತದೆ. ಮೊದಲ ಹಂತದ ಚುಕ್ಕಿಯವೆಲ್ಲ ಬೇಡ, ‘.ಗಿಟ್’ ಮಾತ್ರ ಬೇಕು ಎಂದಾದರೆ ಮೊದಲು --ಇನ್‌ಕ್ಲೂಡ್='/.ಗಿಟ್/', ಆಮೇಲೆ --ಎಕ್ಸ್‌ಕ್ಲೂಡ್='/.*'. ಮೊದಲು ಹೊಂದಿದ ನಿಯಮವೇ ಗೆಲ್ಲುವುದರಿಂದ ತಿರುವುಮುರುವಾದರೆ ಕೆಲಸ ಕೆಡುತ್ತದೆ.

ದೊಡ್ಡಕ್ಷರದ -ಸಿ ಆಪ್ಷನ್ ಬಗ್ಗೆ ಎಚ್ಚರ. ಕಸ ಬಿಡುವ ಸುಲಭ ದಾರಿ ಎಂದು ಅದನ್ನು ಹೇಳಿಕೊಡುವವರಿದ್ದಾರೆ. ಅದರ ಪಟ್ಟಿಯಲ್ಲಿ ‘.ಗಿಟ್’, ‘.ಎಸ್‌ವಿಎನ್’ ಅಲ್ಲದೆ ‘.ಬಿಎಕೆ’, ‘.ಓಲ್ಡ್’ ಎಂದು ಕೊನೆಗೊಳ್ಳುವ ಫೈಲುಗಳೂ ಇವೆ. ಹಳೆಯ ಲೆಕ್ಕದ ಪ್ರತಿಗೆ ‘ಮಳೆ.ಓಲ್ಡ್’ ಎಂದು ಹೆಸರಿಟ್ಟಿದ್ದರೆ ಅದೂ ಬಾರದು.

ಅಳಿಸುವಾಗ

--ಡಿಲೀಟ್ ಕೂಡ ಚುಕ್ಕಿ ಫೈಲುಗಳಿಗೆ ರಿಯಾಯಿತಿ ತೋರುವುದಿಲ್ಲ. ಹೊರಗಿನ ಹಾರ್ಡ್ ಡಿಸ್ಕಿನ ಮೊದಲ ಹಂತವನ್ನೇ ಗುರಿಯಾಗಿ ಕೊಟ್ಟರೆ, ಅಲ್ಲಿರುವ ಬೇರೆ ಫೋಲ್ಡರುಗಳ ಜೊತೆ, ಡೆಸ್ಕ್‌ಟಾಪ್‌ನಿಂದ ಅಳಿಸಿದ ಫೈಲುಗಳು ಕೂತಿರುವ ‘.ಟ್ರ್ಯಾಶ್-1000’ ಕೂಡ ಅಳಿದುಹೋಗುತ್ತದೆ. ಬ್ಯಾಕಪ್‌ಗೆಂದೇ ಡಿಸ್ಕಿನೊಳಗೆ ಒಂದು ಫೋಲ್ಡರ್ ಮಾಡಿ, ಗುರಿಯಾಗಿ ಅದನ್ನೇ ಕೊಡಿ.

ಎಕ್ಸ್‌ಕ್ಲೂಡ್ ಮಾಡಿದ ಹೆಸರುಗಳು ಬ್ಯಾಕಪ್‌ನಲ್ಲಿ ಮೊದಲೇ ಇದ್ದರೆ --ಡಿಲೀಟ್ ಅವನ್ನು ಮುಟ್ಟುವುದಿಲ್ಲ. ಮುಟ್ಟಲೇಬೇಕೆಂದರೆ --ಡಿಲೀಟ್-ಎಕ್ಸ್‌ಕ್ಲೂಡೆಡ್ ಎಂಬ ಬೇರೆ ಆಪ್ಷನ್ ಇದೆ. ಹೋದ ತಿಂಗಳು ಬ್ಯಾಕಪ್ ಆಗಿದ್ದ ‘.ಗಿಟ್’ ಈ ತಿಂಗಳ ಒಂದು ಹೊಸ ಎಕ್ಸ್‌ಕ್ಲೂಡ್‌ನಿಂದ ಮಾಯವಾಗಲು ಇದೊಂದೇ ಸಾಕು. ಕಲಿಯುವ ಹಂತದಲ್ಲಿ ಇದನ್ನು ದೂರ ಇಡಿ.

ಬ್ಯಾಕಪ್‌ನಲ್ಲಿ ನೀವು ಮಾಡಿರದ ಚುಕ್ಕಿ ಫೈಲು ಕಂಡರೆ ಗಾಬರಿ ಬೇಡ. ಆರ್‌ಸಿಂಕ್ ಪ್ರತಿ ಫೈಲನ್ನೂ ಮೊದಲು ಒಂದು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ನಿಜವಾದ ಹೆಸರಿಗೆ ಬದಲಿಸುತ್ತದೆ. ಚುಕ್ಕಿ, ಫೈಲಿನ ಹೆಸರು, ಮತ್ತೊಂದು ಚುಕ್ಕಿ, ಕೊನೆಗೆ ಆರು ಅಡ್ಡಾದಿಡ್ಡಿ ಅಕ್ಷರಗಳು, ಹೀಗಿರುತ್ತದೆ ಆ ಹೆಸರು. ಮಳೆಗಾಲದಲ್ಲಿ ಕಾಪಿ ನಡೆಯುವಾಗಲೇ ಕರೆಂಟ್ ಹೋದರೆ ಅಂಥ ತುಣುಕು ಉಳಿದುಬಿಡಬಹುದು. ಮುಂದಿನ ಸಲ --ಡಿಲೀಟ್ ಜೊತೆ ಓಡಿಸಿದಾಗ, ಮೂಲದಲ್ಲಿ ಇಲ್ಲದ್ದರಿಂದ ಅದು ತಾನೇ ಹೋಗುತ್ತದೆ.

ಪೆನ್‌ಡ್ರೈವ್ ಮತ್ತು ವಿಂಡೋಸ್

ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಖಾಸಗಿ ಕೀ ಹೋಮ್ ಫೋಲ್ಡರಿನ ‘.ಎಸ್‌ಎಸ್‌ಎಚ್’ ಒಳಗಿರುತ್ತದೆ. ಅದು ಒಡೆಯನಿಗೆ ಮಾತ್ರ ಓದಲು ಬರುವಂತಿರಬೇಕು, ಎಂದರೆ ಅನುಮತಿ 600. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32, ಎಕ್ಸ್‌ಫ್ಯಾಟ್ ಮಾದರಿಗಳಲ್ಲಿ ಈ ಅನುಮತಿಗಳಿಗೆ ಜಾಗವೇ ಇಲ್ಲ. ಅಲ್ಲಿಂದ ಮರಳಿ ತಂದ ಕೀಯನ್ನು, ಅನುಮತಿ ಸರಿಪಡಿಸುವವರೆಗೆ, ಎಸ್‌ಎಸ್‌ಎಚ್ ಒಪ್ಪುವುದಿಲ್ಲ. ಬ್ಯಾಕಪ್ ಡಿಸ್ಕನ್ನು ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಇಲ್ಲವೇ ಟಾರ್ ಕಟ್ಟಿ ಇಡಿ. ಹಿಡನ್ ಫೈಲು ಗುಟ್ಟಾಗಿರುತ್ತದೆ ಎಂದು ನಂಬಬೇಡಿ. ಪೆನ್‌ಡ್ರೈವ್ ಸಿಕ್ಕಿದವರಿಗೆ ‘.ಎನ್ವ್’ ಒಳಗಿನ ಪಾಸ್‌ವರ್ಡ್ ಓದಲು ಏನೂ ಕಷ್ಟವಿಲ್ಲ. ಅಂಥ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಲೇಬೇಕು.

ವಿಂಡೋಸ್‌ನಲ್ಲಿ ಚುಕ್ಕಿಗೆ ಅರ್ಥವಿಲ್ಲ, ಹಿಡನ್ ಎಂಬ ಗುರುತು ಅಲ್ಲಿ ಫೈಲಿನ ಮೇಲೆಯೇ ಇರುತ್ತದೆ. ಎಕ್ಸ್‌ಕಾಪಿ, ರೋಬೊಕಾಪಿ ಅಲ್ಲಿನ ಕಾಪಿ ಕಮಾಂಡುಗಳು. ಎಕ್ಸ್‌ಕಾಪಿಗೆ /ಎಚ್ ಕೊಡದಿದ್ದರೆ ಹಿಡನ್ ಫೈಲುಗಳು ಬರುವುದಿಲ್ಲ. ರೋಬೊಕಾಪಿ ಕೇಳದೆಯೇ ತರುತ್ತದೆ, ಬೇಡವೆಂದರೆ /ಎಕ್ಸ್‌ಎ:ಎಚ್. ಡಿ ಡ್ರೈವಿನ ಮೊದಲ ಹಂತವನ್ನೇ ರೋಬೊಕಾಪಿಯಿಂದ ಕಾಪಿ ಮಾಡಿದರೆ ಬ್ಯಾಕಪ್ ಫೋಲ್ಡರೇ ಹಿಡನ್ ಆಗಿ ಕಣ್ಣಿಗೆ ಬೀಳದಂತಾಗುವುದುಂಟು. ಅಟ್ರಿಬ್ -ಎಚ್ -ಎಸ್ ಕೊಟ್ಟು ಆ ಫೋಲ್ಡರಿನ ಹೆಸರು ಬರೆದರೆ ಮತ್ತೆ ಕಾಣಿಸುತ್ತದೆ.

ಓಡಿಸುವ ಮುಂಚೆ, ಓಡಿಸಿದ ಮೇಲೆ

ಆರ್‌ಸಿಂಕ್ -ಎ -ಎನ್ -ಐ --ಡಿಲೀಟ್ ತೋಟ/ ಬ್ಯಾಕಪ್/

-ಎನ್ ಇದ್ದರೆ ಏನನ್ನೂ ಮುಟ್ಟದೆ ಏನು ಮಾಡುತ್ತಿತ್ತು ಎಂದಷ್ಟೇ ಹೇಳುತ್ತದೆ. -ಐ ಬದಲಾಗಬೇಕಾದ ಪ್ರತಿ ಫೈಲಿಗೂ ಒಂದು ಸಾಲು ಬರೆಯುತ್ತದೆ. ಸ್ಟಾರ್ ಚಿಹ್ನೆಯ ಜೊತೆ ‘ಡಿಲೀಟಿಂಗ್’ ಎಂದು ಶುರುವಾಗುವ ಸಾಲುಗಳನ್ನು ತಾಳ್ಮೆಯಿಂದ ಓದಿ. ನಿಜವಾದ ಕಾಪಿ ಮುಗಿದ ಮೇಲೆ ಇದನ್ನೇ ಇನ್ನೊಮ್ಮೆ ಓಡಿಸಿದಾಗ ಒಂದು ಸಾಲೂ ಬಾರದಿದ್ದರೆ ಗಾತ್ರ ಮತ್ತು ಸಮಯಗಳ ಮಟ್ಟಿಗೆ ಎರಡೂ ಕಡೆ ಒಂದೇ. ಚಿಕ್ಕಕ್ಷರದ -ಸಿ ಸೇರಿಸಿದರೆ ಫೈಲಿನ ಒಳಗಿನದನ್ನೂ ಓದಿ ಹೋಲಿಸುತ್ತದೆ, ನಿಧಾನವಾಗುತ್ತದೆ. ಈ ಪರೀಕ್ಷೆಯಲ್ಲಿ ಸ್ಟಾರ್ ಬಳಸಿದರೆ ಅದೂ ಮೊದಲ ಹಂತದ ಚುಕ್ಕಿ ಫೈಲುಗಳನ್ನು ನೋಡದೆ ‘ಎಲ್ಲ ಸರಿ’ ಎಂಬಂತೆ ಸುಮ್ಮನಿರುತ್ತದೆ, ಆದ್ದರಿಂದ ಇಲ್ಲೂ ಸ್ಲ್ಯಾಶೇ ಇರಲಿ.

‘.ಗಿಟ್’ ಇರುವ ಫೋಲ್ಡರಿಗೆ ಇನ್ನೂ ಒಂದು ಹೆಜ್ಜೆ ಇದೆ. ಬ್ಯಾಕಪ್‌ನಿಂದ ಬೇರೊಂದು ಜಾಗಕ್ಕೆ ಕಾಪಿ ಮಾಡಿ, ಅಲ್ಲಿ ಚರಿತ್ರೆ ಪೂರ್ತಿ ಇದೆಯೇ ಎಂದು ಪರೀಕ್ಷಿಸುವ ‘ಗಿಟ್ ಎಫ್‌ಎಸ್‌ಸಿಕೆ’ ಓಡಿಸಿ. ಮೊದಲ ಹಂತದ ಚುಕ್ಕಿ ಬಿಟ್ಟುಹೋಗಿದ್ದರೆ ಇದು ಗಿಟ್ ಫೋಲ್ಡರೇ ಅಲ್ಲ ಎಂಬ ಉತ್ತರ ಬರುತ್ತದೆ. ತುಣುಕುಗಳು ಕಾಣೆಯಾಗಿದ್ದರೆ ಯಾವುವು ಎಂದು ಹೆಸರಿಸಿ ತೋರಿಸುತ್ತದೆ.