ಲೆಕ್ಕ ತುಂಡಾದಾಗ ಗಡಿಯಲ್ಲಿ ನಡೆಯುವುದೇನು?

ಪುಣೆಯ ಹಿಂಜವಡಿ, ಚಿಂಚವಡ ಕಡೆಯ ಸಿಮ್ಯುಲೇಶನ್ ವಿಭಾಗಗಳಲ್ಲಿ ಬೆಳಗಾವಿ, ಹುಬ್ಬಳ್ಳಿಯ ಎಂಜಿನಿಯರುಗಳು ಬೇಕಾದಷ್ಟು ಮಂದಿ ಸಿಗುತ್ತಾರೆ. ಕಾರಿನ ಮೇಲೆ ಗಾಳಿ ಹೇಗೆ ಹರಿಯುತ್ತದೆ ಅಂತ ಓಪನ್‌ಫೋಮ್ ಎಂಬ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿ ನೋಡುವವರಿಗೆ ‘ಡಿಕಂಪೋಸ್‌ಪಾರ್’ ಕಮಾಂಡು ಗೊತ್ತೇ ಇರುತ್ತದೆ. ಎಂಟರ್ ಒತ್ತಿದರೆ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಕೋಶಗಳಾಗಿ ಹೆಣೆದ ಬಲೆ) ತುಂಡಾಗಿ ಪ್ರೊಸೆಸರ್0, ಪ್ರೊಸೆಸರ್1 ಅಂತ ಫೋಲ್ಡರುಗಳು ಸಾಲಾಗಿ ಬರುತ್ತವೆ. ಪ್ರೊಸೆಸರಿನ ಒಂದೊಂದು ಕೋರಿಗೆ ಒಂದೊಂದು ತುಂಡು. ಕತ್ತರಿಸೋದೇನೋ ಸುಲಭ, ಅಂಚಿನಲ್ಲಿ ಏನು ಮಾಡಬೇಕು ಅನ್ನೋದೇ ತಲೆನೋವು: ಅಲ್ಲಿನ ಬೆಲೆ ಪಕ್ಕದ ತುಂಡಿನ ಉತ್ತರವನ್ನು ಅವಲಂಬಿಸುತ್ತದೆ, ಅದಿನ್ನೂ ಗೊತ್ತಿರುವುದಿಲ್ಲ.

ಅದಕ್ಕೆ ಮೊದಲ ಮದ್ದು ಸಿಕ್ಕಿದ್ದು 1870ರಲ್ಲಿ. ಆಗ ಕಂಪ್ಯೂಟರೇ ಇರಲಿಲ್ಲ ಅಲ್ವಾ? ಜರ್ಮನ್ ಗಣಿತಜ್ಞ ಹರ್ಮನ್ ಶ್ವಾರ್ಟ್ಸ್‌ಗೆ ಬೇಕಿದ್ದದ್ದು ವೇಗವಲ್ಲ, ಗಣಿತದ ಪುರಾವೆ. ಇಂಥ ಸಮೀಕರಣಗಳಿಗೆ ಉತ್ತರ ಇದ್ದೇ ಇರುತ್ತದೆ ಅನ್ನಲು ಗಣಿತಜ್ಞ ರೀಮನ್ ನೆಚ್ಚಿಕೊಂಡಿದ್ದ ಡಿರಿಕ್ಲೆ ತತ್ವದಲ್ಲಿ ತೂತಿದೆ ಅಂತ ಶ್ವಾರ್ಟ್ಸ್‌ರ ಗುರು ವೈಯರ್‌ಸ್ಟ್ರಾಸ್ ತೋರಿಸಿದ್ದರು. ಹಾಗಾದರೆ ಅಂಕುಡೊಂಕು ಆಕಾರದ ಜಾಗದಲ್ಲಿ ಲಾಪ್ಲಾಸ್ ಸಮೀಕರಣಕ್ಕೆ (ಶಾಖದಂಥದ್ದು ಹರಡಿ ಸ್ಥಿರವಾದಾಗ ಹೇಗಿರುತ್ತದೆ ಅಂತ ಹೇಳುವ ಸಮೀಕರಣ) ಉತ್ತರ ಇದೆ ಅಂತ ಹೇಳೋದು ಹೇಗೆ? ಶ್ವಾರ್ಟ್ಸ್ ಒಂದು ವೃತ್ತ, ಒಂದು ಆಯತ ತೆಗೆದುಕೊಂಡು ಸ್ವಲ್ಪ ಒಂದರ ಮೇಲೊಂದು ಬರುವಂತೆ ಇಟ್ಟರು. ಎರಡಕ್ಕೂ ಬೇರೆ ಬೇರೆಯಾಗಿ ಉತ್ತರ ಗೊತ್ತಿತ್ತು. ಆಯತದ ಒಳಗೆ ಬಿದ್ದ ವೃತ್ತದ ಅಂಚಿಗೆ ಒಂದು ಅಂದಾಜು ಬೆಲೆ ಕೊಟ್ಟು ವೃತ್ತವನ್ನು ಬಿಡಿಸುವುದು. ಅದರಿಂದ ಬಂದ ಬೆಲೆಯನ್ನು ಆಯತದ ಅಂಚಿಗೆ ಕೊಟ್ಟು ಆಯತ ಬಿಡಿಸುವುದು. ಮತ್ತೆ ವೃತ್ತ, ಮತ್ತೆ ಆಯತ. ಹೀಗೆ ಮಾಡುತ್ತಾ ಹೋದರೆ ಸರಿಯಾದ ಉತ್ತರಕ್ಕೇ ಬಂದು ನಿಲ್ಲುತ್ತೇವೆ ಅಂತ ಅವರು ಸಾಧಿಸಿದರು.

1960ರ ದಶಕದಲ್ಲಿ ವಿಮಾನ ಎಂಜಿನಿಯರುಗಳು ಬೇರೆ ಕಾರಣಕ್ಕೆ ಇಲ್ಲಿಗೇ ಬಂದರು. ಇಡೀ ವಿಮಾನ ಕಂಪ್ಯೂಟರಿನ ಮೆಮೊರಿಯಲ್ಲಿ ಹಿಡಿಸುತ್ತಿರಲಿಲ್ಲ. ರೆಕ್ಕೆ ಒಂದು ಸಲ, ಒಡಲು ಇನ್ನೊಂದು ಸಲ. ಕೊನೆಗೆ ಬೆಸುಗೆಯ ಗೆರೆಗಳ ಲೆಕ್ಕ ಮಾತ್ರ ಒಟ್ಟಿಗೆ.

ಆಮೇಲೆ ಹಲವು ಚಿಪ್ಪುಗಳು ಒಟ್ಟಿಗೆ ದುಡಿಯುವ ಸಮಾಂತರ ಕಂಪ್ಯೂಟರುಗಳು ಬಂದವು. ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ತಂದ ಪರಮ್ 8000 ಅಂಥದ್ದೇ: ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳ ಸಾಲು, ಪ್ರತಿಯೊಂದಕ್ಕೂ ಸ್ವಂತ ಮೆಮೊರಿ. ಪಕ್ಕದವನ ಬೆಲೆ ಬೇಕಾದರೆ ಸಂದೇಶ ಕಳಿಸಿ ಕೇಳಬೇಕು. ಶ್ವಾರ್ಟ್ಸ್ ವಿಧಾನಕ್ಕೆ ಹೇಳಿ ಮಾಡಿಸಿದ ಯಂತ್ರ. ಆದರೆ ಅವರು ಒಂದಾದ ಮೇಲೊಂದು ಬಿಡಿಸಿದ್ದರು. ಹಾಗೆ ಮಾಡಿದರೆ ಒಂದು ಚಿಪ್ ದುಡಿಯುವಾಗ ಇನ್ನೊಂದು ಸುಮ್ನೆ ಕೂತಿರುತ್ತದೆ. ಎಲ್ಲವನ್ನೂ ಒಟ್ಟಿಗೇ ಬಿಡಿಸುವ ದಾರಿಯನ್ನು 1987ರಲ್ಲಿ ಗಣಿತಜ್ಞರಾದ ಡ್ರೈಯಾ ಮತ್ತು ವಿಡ್ಲುಂಡ್ ಮುಂದಿಟ್ಟರು.

ನನ್ನ ಪ್ರಕಾರ ಇಡೀ ಕಥೆಯ ಜಾಣತನ ಇರುವುದು ಅವರ ಇನ್ನೊಂದು ಹೆಜ್ಜೆಯಲ್ಲಿ. ಪ್ರತಿ ಸುತ್ತಿನಲ್ಲಿ ಸುದ್ದಿ ಪಕ್ಕದ ತುಂಡಿಗೆ ಮಾತ್ರ ಹೋಗುತ್ತದೆ. ಸಾಲಾಗಿ ನೂರು ತುಂಡಿದ್ದರೆ ಈ ತುದಿಯ ಸುದ್ದಿ ಆ ತುದಿಗೆ ಮುಟ್ಟಲು ಸುಮಾರು ನೂರು ಸುತ್ತು ಬೇಕು. ಕೋರು ಜಾಸ್ತಿಯಾದಷ್ಟೂ ಸುತ್ತು ಜಾಸ್ತಿ. ಅದಕ್ಕೇ ಇಡೀ ಜಾಗಕ್ಕೆ ಒಂದು ಚಿಕ್ಕ, ಒರಟು ಲೆಕ್ಕವನ್ನೂ ಜೊತೆಗೆ ಬಿಡಿಸುತ್ತಾರೆ. ದೂರದ ಸುದ್ದಿ ಅದರ ಮೂಲಕ ಒಂದೇ ಸುತ್ತಿನಲ್ಲಿ ಹೋಗುತ್ತದೆ. 1991ರಲ್ಲಿ ಫರ್‌ಹಾಟ್ ಮತ್ತು ರೂ ತಂದ, ತುಂಡು ಮಾಡಿ ಬಿಡಿಸುವ ಇನ್ನೊಂದು ವಿಧಾನವಾದ ಫೆಟಿಯಲ್ಲೂ ಇಂಥದ್ದೊಂದು ಲೆಕ್ಕ ಅಡಗಿದೆ.

ತುಂಡುಗಳು ಹತ್ತಾರು ಸಾವಿರ ಆದಾಗ ಆ ಚಿಕ್ಕ ಲೆಕ್ಕವೇ ದೊಡ್ಡದಾಗಿಬಿಡುತ್ತದೆ. ಈಗ ಅದನ್ನೂ ತುಂಡು ಮಾಡುವ ಮೂರು ಹಂತದ ವಿಧಾನಗಳು ಬಂದಿವೆ.