ಶುರುವಾದ ಲಸಿಕೆ ನಡುವೆ ನಿಲ್ಲುವುದೇಕೆ?

ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಮಗುವಿಗೆ ಲಸಿಕೆ ತಪ್ಪಿತೆಂದರೆ 'ತಿಳಿವಳಿಕೆ ಇಲ್ಲ' ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಹುಟ್ಟಿದಾಗ ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕಿಸಿದ ತಾಯಿಯೇ ಒಂಬತ್ತನೇ ತಿಂಗಳ ದಡಾರ–ರುಬೆಲ್ಲಾ ಲಸಿಕೆ ತಪ್ಪಿಸಿದರೆ ಆ ಷರಾ ನಿಲ್ಲುವುದಿಲ್ಲ.

ಭಯಕ್ಕೂ ಇತಿಹಾಸವಿದೆ, ನಿಜ. ದೇಶದಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ ಆರಂಭವಾದದ್ದು 1978ರಲ್ಲಿ, ತುರ್ತುಪರಿಸ್ಥಿತಿಯ ಬಲವಂತದ ಸಂತಾನಹರಣದ ನೆನಪು ಇನ್ನೂ ಹಸಿಯಾಗಿದ್ದಾಗ. ಸರ್ಕಾರಿ ಸೂಜಿಯ ಮೇಲಿನ ಆ ಗುಮಾನಿ 2017ರ ದಡಾರ–ರುಬೆಲ್ಲಾ ಅಭಿಯಾನದ ಹೊತ್ತಿಗೆ ವಾಟ್ಸ್ಆ್ಯಪ್ ವದಂತಿಯಾಗಿ ಮರಳಿತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂತು, 1995ರಲ್ಲಿ ಪಲ್ಸ್ ಪೋಲಿಯೊ. 2014ರಲ್ಲಿ ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಆದರೆ ಹನಿ ಮನೆಬಾಗಿಲಿಗೆ ಬಂದಂತೆ ಉಳಿದ ಲಸಿಕೆಗಳು ಬರಲಿಲ್ಲ.

ನನ್ನ ಮಟ್ಟಿಗೆ ದೊಡ್ಡ ತೊಡಕು ಭಯವಲ್ಲ, ಪಂಚಾಂಗ. ಈ ಭಾಗದಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ನಾಯಿಕೆಮ್ಮು ಸೇರಿ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೂರು ಡೋಸುಗಳು ಆರು, ಹತ್ತು, ಹದಿನಾಲ್ಕನೇ ವಾರಕ್ಕೆ, ಅಂದರೆ ಬಹುಪಾಲು ಬಾಣಂತನದಲ್ಲೇ ಬೀಳುತ್ತವೆ. ಗರ್ಭಿಣಿಯ ಹೆಸರು ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ, ಮಗು ಇನ್ನೊಂದು ತಾಲ್ಲೂಕಿನಲ್ಲಿ. ಗಂಡನ ಮನೆಗೆ ಮರಳಿದ ಮೇಲೆ ಒಂಬತ್ತನೇ ತಿಂಗಳ ಸರದಿ. ಅಷ್ಟರಲ್ಲಿ ಸುಗ್ಗಿ ಮುಗಿದಿದ್ದರೆ ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಂದ ಕುಟುಂಬಗಳು ಗೋವಾಕ್ಕೋ ಮಂಗಳೂರಿಗೋ ಗುಳೆ ಹೊರಟಿರುತ್ತವೆ. ಲಸಿಕೆಯ ವಿವರ ಬರೆದಿಡುವ 'ತಾಯಿ ಕಾರ್ಡ್' ಊರಿನ ಟ್ರಂಕಿನಲ್ಲೇ ಉಳಿದರೆ ಕಟ್ಟಡದ ಪಕ್ಕದ ಶೆಡ್ಡಿನಲ್ಲಿರುವ ಮಗುವಿಗೆ ಯಾವ ಡೋಸ್ ಬಾಕಿ ಎಂದು ಹೇಳುವವರಾರು?

ಊರಲ್ಲೇ ಉಳಿದವರದು ಬೇರೆ ಲೆಕ್ಕ. ಪೆಂಟಾವೇಲೆಂಟಿನ ನಾಯಿಕೆಮ್ಮು ಅಂಶದಿಂದ ಮಗುವಿಗೆ ಜ್ವರ ಬರುವುದುಂಟು. ಮಾಮೂಲಿ ಜ್ವರವೇ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಆ ಒಂದೆರಡು ದಿನವೆಂದರೆ ತಾಯಿಯ ಕೂಲಿ. ಲಸಿಕೆಗೆ ನಿಗದಿಯಾದ ಗುರುವಾರವೂ ದುಡಿಮೆಯ ದಿನವೇ. ಇನ್ನು ದಡಾರ–ರುಬೆಲ್ಲಾ ಲಸಿಕೆಯನ್ನು ದ್ರಾವಣದಲ್ಲಿ ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದೇ ಮಗು ಬಂದರೂ ಬಾಟಲಿ ತೆರೆಯಿರಿ ಎನ್ನುತ್ತದೆ ನಿಯಮ. ವ್ಯರ್ಥದ ಲೆಕ್ಕ ಕೊಡಬೇಕಾದ ಸಿಬ್ಬಂದಿ 'ನಾಲ್ಕು ಮಕ್ಕಳು ಸೇರಲಿ' ಎಂದರೆ, ಕೂಲಿ ಬಿಟ್ಟು ಬಂದ ತಾಯಿ ಮತ್ತೆ ಬರುವುದು ಅನುಮಾನ.

ಈಗ ಯು-ವಿನ್ ಎಂಬ ಡಿಜಿಟಲ್ ದಾಖಲೆ ಬಂದಿದೆ. ದೇಶದಲ್ಲಿ ಎಲ್ಲಿದ್ದರೂ ಬಾಕಿ ಡೋಸ್ ಹಾಕಿಸಬಹುದು. ಗುಳೆ ಹೋಗುವವರಿಗೆ ಬೇಕಾಗಿದ್ದದ್ದೇ ಇದು. ಆದರೆ ಅದು ಮೊಬೈಲ್ ಸಂಖ್ಯೆಯನ್ನು ನೆಚ್ಚಿಕೊಂಡಿದೆ. ಮನೆಯ ಒಂದೇ ಮೊಬೈಲ್ ಗಂಡನ ಜೇಬಿನಲ್ಲಿ ಗೋವಾಕ್ಕೆ ಹೋಗಿದ್ದರೆ, ಮುಂದಿನ ಡೋಸಿನ ಸಂದೇಶವೂ ಅಲ್ಲಿಗೇ ಹೋಗುತ್ತದೆ.