ದೇವರು ಕೈಬಿಡಲ್ಲ ಅಲ್ವಾ, ಡಾಕ್ಟ್ರೇ?

ಮಗುವಿಗೆ ಬ್ಲಡ್ ಕ್ಯಾನ್ಸರ್ ಎಂದು ಹೇಳಿದ ದಿನ ತಂದೆತಾಯಿ ಮೊದಲು ಕೇಳುವುದು ಔಷಧಿಯ ಬಗ್ಗೆ ಅಲ್ಲ. "ದೇವರು ಕೈಬಿಡಲ್ಲ ಅಲ್ವಾ, ಡಾಕ್ಟ್ರೇ?" ಅನ್ನುತ್ತಾರೆ. ಇಲ್ಲವೇ "ನಾವೇನು ತಪ್ಪು ಮಾಡಿದ್ವಿ?" ಅನ್ನುತ್ತಾರೆ. ಹೊಸದರಲ್ಲಿ ಈ ಮಾತು ಬಂದಾಗ ನಾನು ತಡಬಡಾಯಿಸುತ್ತಿದ್ದೆ. ನೂರಕ್ಕೆ ಇಷ್ಟು ಮಕ್ಕಳು ಗುಣವಾಗುತ್ತಾರೆ ಎಂದು ಲೆಕ್ಕ ಒಪ್ಪಿಸುತ್ತಿದ್ದೆ. ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಅವರು ಕೇಳಿದ್ದು ಮಾತ್ರ ಅದನ್ನಲ್ಲ.

ಎರಡನೇ ಪ್ರಶ್ನೆಗೆ ನೇರ ಉತ್ತರ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ನೀವೇನೂ ತಪ್ಪು ಮಾಡಿಲ್ಲ. ದೊಡ್ಡವರ ಕೆಲವು ಕ್ಯಾನ್ಸರ್‌ಗಳಿಗೆ ತಂಬಾಕು ಕಾರಣ ಎಂದು ಬೆರಳು ತೋರಿಸಬಹುದು. ಮಕ್ಕಳ ಕ್ಯಾನ್ಸರ್ ಹಾಗಲ್ಲ. ಬೆಳೆಯುವ ದೇಹದಲ್ಲಿ ಜೀವಕೋಶಗಳು ಒಂದೇ ಸಮನೆ ಒಡೆದು ಎರಡಾಗುತ್ತಿರುತ್ತವೆ. ಆ ಗಡಿಬಿಡಿಯಲ್ಲಿ ಎಲ್ಲೋ ಒಂದು ಕಡೆ ನಕಲು ತಪ್ಪುತ್ತದೆ. ಹುಟ್ಟಿನಿಂದಲೇ ಬಂದ ಜೀನ್ ದೋಷ ಸಿಗುವುದು 100ರಲ್ಲಿ ಸುಮಾರು 10 ಮಕ್ಕಳಲ್ಲಿ. ಅದೂ ಯಾರೂ ಬೇಕೆಂದು ಕೊಟ್ಟದ್ದಲ್ಲ. ಈ ಮಾತನ್ನು ನಾನು ತಾಯಿಗೆ ಗುಟ್ಟಾಗಿ ಹೇಳುವುದಿಲ್ಲ, ಮನೆಯವರೆಲ್ಲ ಇರುವಾಗಲೇ ಹೇಳುತ್ತೇನೆ. ಬೊಟ್ಟು ಮಾಡುವವರು ಹೆಚ್ಚಾಗಿ ಅಲ್ಲೇ ಕೂತಿರುತ್ತಾರೆ.

ಅಣ್ಣ, ಅಕ್ಕ, ತಮ್ಮ, ತಂಗಿಯರನ್ನು ಎಲ್ಲರೂ ಮರೆಯುತ್ತಾರೆ. ಸುಮಾರು ಆರು ವರ್ಷದ ಒಬ್ಬ ಅಣ್ಣ ನನ್ನ ಹತ್ತಿರ ಬಂದು, "ಜಗಳ ಆಡುವಾಗ ಅವಳು ಸತ್ತುಹೋಗ್ಲಿ ಅಂದಿದ್ದೆ" ಎಂದಿದ್ದ. ಮೂರು ವಾರದಿಂದ ಅದನ್ನು ಒಬ್ಬನೇ ಹೊತ್ತುಕೊಂಡಿದ್ದ.

ಇನ್ನು ದೇವರ ವಿಷಯ. ಯಾವ ಧರ್ಮದವರೇ ಆಗಲಿ, ನಂಬಿಕೆಯನ್ನು ಆಸ್ಪತ್ರೆಯ ಗೇಟಿನ ಹೊರಗೆ ಬಿಟ್ಟು ಬರಲಿ ಎಂದು ನಾನು ಬಯಸಿಲ್ಲ. ಮಕ್ಕಳಲ್ಲಿ ಜಾಸ್ತಿ ಕಾಣುವ ಬ್ಲಡ್ ಕ್ಯಾನ್ಸರ್‌ಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಕೀಮೋ, ವಾಂತಿ, ಬೆನ್ನಿಗೆ ಸೂಜಿ, ಮತ್ತೆ ರಕ್ತ ಪರೀಕ್ಷೆ, ಕೌಂಟ್ (ರಕ್ತಕಣಗಳ ಸಂಖ್ಯೆ) ಏರಲಿಲ್ಲ ಎಂದು ಮತ್ತೆ ಕಾಯುವುದು. ಇಷ್ಟು ದಿನ ಎಳೆಯಲು ಒಂದು ಹಿಡಿಕೆ ಬೇಕಾಗುತ್ತದೆ. ಬೆಳಗ್ಗೆ ಐದು ನಿಮಿಷ ಪ್ರಾರ್ಥನೆ ಮಾಡಿ, ಸಂಜೆ ಮಾತ್ರೆ ತಪ್ಪಿಸದ ಅಮ್ಮಂದಿರನ್ನು ಎಷ್ಟೋ ಜನ ನೋಡಿದ್ದೇನೆ. ದೇವರನ್ನು ನಂಬದ, ಆದರೆ ಅಷ್ಟೇ ನಿಷ್ಠೆಯಿಂದ ಡೈರಿ ಬರೆದಿಡುವ ಅಪ್ಪಂದಿರೂ ಇದ್ದಾರೆ.

ಪೆಟ್ಟು ಬೀಳುವುದು ಬೇರೆ ಕಡೆ. ಮೊದಲ ತಿಂಗಳು ಮುಗಿಯುವ ಹೊತ್ತಿಗೆ ಜ್ವರ ಇಳಿದಿರುತ್ತದೆ, ಮಗು ಆಡುತ್ತಿರುತ್ತದೆ. ಬೋನ್ ಮ್ಯಾರೋ, ಅಂದರೆ ರಕ್ತ ತಯಾರಾಗುವ ಮೂಳೆಯೊಳಗಿನ ಮಜ್ಜೆ, ಅದರ ರಿಪೋರ್ಟ್ ಚೆನ್ನಾಗಿ ಬರುತ್ತದೆ. "ಪ್ರಾರ್ಥನೆ ಫಲಿಸಿತು" ಎಂದು ಕೆಲವರು ಮನೆಗೆ ಹೊರಟೇಬಿಡುತ್ತಾರೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ರೋಗ ಪತ್ತೆಯಾದಾಗ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳು ಇರಬಹುದು. ಮ್ಯಾರೋದಲ್ಲಿ ಅವು 100ಕ್ಕೆ 5ಕ್ಕಿಂತ ಕಡಿಮೆಯಾದರೆ, ರಕ್ತದ ಕೌಂಟ್ ಸುಧಾರಿಸಿದರೆ, ನಾವು ರೆಮಿಷನ್, ಅಂದರೆ ರೋಗ ಸದ್ಯಕ್ಕೆ ಹಿಮ್ಮೆಟ್ಟಿದೆ, ಎನ್ನುತ್ತೇವೆ. ಆಗಲೂ ನೂರಾರು ಕೋಟಿ ಕೋಶಗಳು ಕಣ್ಣಿಗೆ ಬೀಳದೆ ಉಳಿದಿರಬಹುದು. 1948ರಲ್ಲಿ ಬಾಸ್ಟನ್‌ನಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಮೊದಲ ಬಾರಿಗೆ ಔಷಧಿಯಿಂದ ಇಂಥ ಮಕ್ಕಳನ್ನು ಚೇತರಿಸಿಕೊಳ್ಳುವಂತೆ ಮಾಡಿದರು. ಕೆಲವೇ ತಿಂಗಳಲ್ಲಿ ರೋಗ ಮರಳಿತು. ಒಂದೇ ಔಷಧಿ, ಸ್ವಲ್ಪ ದಿನ, ಇಷ್ಟು ಸಾಲದು ಎಂದು ಆಗಲೇ ಗೊತ್ತಾಯಿತು. ಈಗಿನ ಉದ್ದದ ಚಿಕಿತ್ಸೆ ಬಂದದ್ದು ಆ ಪಾಠದಿಂದ.

ಹಾಗೆ ಹೊರಟು ನಿಂತ ಒಬ್ಬ ತಂದೆಯ ಜೊತೆ ನಾನು ವಾದ ಮಾಡಿದ್ದೆ. ವಾದದಲ್ಲಿ ಗೆದ್ದೆ. ಅವರು ಹೋದರು. ಏಳು ತಿಂಗಳ ಮೇಲೆ ಮಗುವನ್ನು ಎತ್ತಿಕೊಂಡು ಬಂದರು. ಈಗ ವಾದ ಮಾಡುವುದಿಲ್ಲ. "ಬೇಡಿದ್ದನ್ನು ಕೊಟ್ಟಿದ್ದಾನೆ ಅಂತಲೇ ಇಟ್ಟುಕೊಳ್ಳಿ. ಕೊಟ್ಟದ್ದನ್ನು ಕಾಪಾಡಿಕೊಳ್ಳಬೇಕಲ್ವಾ?" ಎನ್ನುತ್ತೇನೆ. ಇದು ಚಾಲಾಕಿತನ ಎಂದು ಯಾರಾದರೂ ಅಂದರೆ ಅನ್ನಲಿ.

ಮಿಕ್ಕ ಆಚರಣೆಗಳ ಬಗ್ಗೆ ನನಗೆ ತಕರಾರಿಲ್ಲ, ಮೊದಲೇ ಒಂದು ಮಾತು ತಿಳಿಸಿದರೆ ಸಾಕು. ಮಗುವಿಗೆ ಉಪವಾಸ ಬೇಡ. ಕೌಂಟ್ ಇಳಿದಾಗ ಜನ ಸೇರುವ ಕಡೆ ಕರೆದೊಯ್ಯಬೇಡಿ. ಕುದಿಸದ ನೀರು, ಬೇರಿನ ಪುಡಿ, ಯಾರೋ ಕೊಟ್ಟ ಕಷಾಯ, ಇವನ್ನು ತೋರಿಸದೆ ಕೊಡಬೇಡಿ. ಕೀಮೋದ ಕೆಲವು ಮಾತ್ರೆಗಳು ಈಗಾಗಲೇ ಲಿವರ್‌ಗೆ ಭಾರವಾಗಿರುತ್ತವೆ. 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಪ್ರಾರ್ಥನೆ ಮುಗಿಯಲಿ ಎಂದು ಕಾಯದೆ ಹೊರಡಿ, ದಾರಿಯಲ್ಲೂ ಪ್ರಾರ್ಥಿಸಬಹುದು.

ರೋಗ ಮರಳಿದಾಗ ಮಾತು ಕಷ್ಟವಾಗುತ್ತದೆ. ಸತ್ಯ ಹೇಳಿದರೆ ಭರವಸೆ ಸಾಯುತ್ತದೆ ಎಂದು ನಾವು ವೈದ್ಯರೂ ಹೆದರುತ್ತೇವೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯೇ ಹೇಳಿತು. ಗುಣವಾಗುವ ಸಾಧ್ಯತೆ ಎಷ್ಟು ಎಂದು ಬಿಡಿಸಿ ಹೇಳಿಸಿಕೊಂಡ ತಂದೆತಾಯಿಯರಲ್ಲೇ ವೈದ್ಯರ ಮಾತಿನಿಂದ ಭರವಸೆ ಸಿಕ್ಕಿತು ಎಂದವರು ಜಾಸ್ತಿ. ಸಾಧ್ಯತೆ ಕಡಿಮೆ ಇದ್ದಾಗಲೂ ಹಾಗೆಯೇ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಮುಚ್ಚಿಡುವವರ ಮಾತನ್ನು ಯಾರು ನಂಬಿಯಾರು?

ಆ ಹೊತ್ತಿನಲ್ಲಿ ನಾನು ಕೇಳುವುದು ಇಷ್ಟೆ: "ನಿಮಗೆ ಏನಾಸೆ ಇದೆ?" ಗುಣವಾಗಲಿ ಎನ್ನುತ್ತಾರೆ. ನನಗೂ ಅದೇ ಆಸೆ. ಸ್ವಲ್ಪ ತಡೆದು, "ಅದಲ್ಲದೆ?" ಎನ್ನುತ್ತೇನೆ. ರಾತ್ರಿ ನೋವಿಲ್ಲದೆ ಮಲಗಲಿ. ಒಂದು ಸಲ ಮನೆಗೆ ಹೋಗಲಿ. ಅಣ್ಣನ ಪಕ್ಕ ಮಲಗಲಿ. ಇವೆಲ್ಲ ನಮ್ಮ ಕೈಯಲ್ಲಿ ಆಗುವ ಕೆಲಸ. ಮಾರ್ಫಿನ್ ಎಂದರೆ ಹೆದರುವವರಿಗೆ ಕೂತು ವಿವರಿಸುತ್ತೇನೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ನೋವು ಕಳೆಯುತ್ತದೆ, ಆಯುಷ್ಯ ಕಳೆಯುವುದಿಲ್ಲ. ಪವಾಡಕ್ಕೆ ಕಾಯುತ್ತಲೇ ಇವನ್ನೂ ಮಾಡಬಹುದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡ ತಾಯಂದಿರನ್ನು ಕಂಡಿದ್ದೇನೆ.

ಮಗುವಿನ ಜೊತೆ ಸಾವಿನ ಮಾತು ಆಡಬೇಕೋ ಬೇಡವೋ? ಮಕ್ಕಳನ್ನು ಕ್ಯಾನ್ಸರ್‌ನಿಂದ ಕಳೆದುಕೊಂಡ ತಂದೆತಾಯಿಯರನ್ನು ಸ್ವೀಡನ್‌ನಲ್ಲಿ ಇದನ್ನೇ ಕೇಳಿದ್ದರು, ಫಲಿತಾಂಶ 2004ರಲ್ಲಿ ಬಂತು. ಮಾತಾಡಿದ್ದ 147 ಜನರಲ್ಲಿ ಒಬ್ಬರೂ ಪಶ್ಚಾತ್ತಾಪ ಪಟ್ಟಿರಲಿಲ್ಲ. ಮಾತಾಡದೆ ಉಳಿದವರಲ್ಲಿ ಶೇ. 27ರಷ್ಟು ಜನ ಮಾತಾಡಬೇಕಿತ್ತು ಎಂದರು. ಹಾಗಂತ ಎಲ್ಲರೂ ಮಾತಾಡಲೇಬೇಕು ಎಂದು ನಾನು ಒತ್ತಾಯ ಮಾಡುವುದಿಲ್ಲ.

ಹತ್ತು ವರ್ಷದ ಒಬ್ಬ ಹುಡುಗ ರಾತ್ರಿ ಪಾಳಿಯ ನರ್ಸನ್ನು ಕೇಳಿದ್ದ, "ಸಿಸ್ಟರ್, ನಾನು ಸಾಯ್ತೀನಲ್ವಾ? ಅಮ್ಮಂಗೆ ಹೇಳ್ಬೇಡಿ, ಅಳ್ತಾಳೆ." ಅದೇ ದಿನ ಸಂಜೆ ಕಾರಿಡಾರಿನಲ್ಲಿ ಅವನಮ್ಮ ನನ್ನ ಕೈ ಹಿಡಿದು, "ಅವನಿಗೆ ಮಾತ್ರ ಹೇಳ್ಬೇಡಿ, ಡಾಕ್ಟ್ರೇ" ಎಂದಿದ್ದರು. ಮಾರನೇ ದಿನ ಹುಡುಗನ ಒಪ್ಪಿಗೆ ಪಡೆದು, ಅವನು ಕೇಳಿದ್ದನ್ನು ಅಮ್ಮನಿಗೆ ತಿಳಿಸಿದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೆಳಗ್ಗೆ ರೌಂಡ್ಸ್‌ಗೆ ಹೋದಾಗ ಇಬ್ಬರ ಕಣ್ಣೂ ಊದಿದ್ದವು. ಅವನು ಹೇಳುತ್ತಿದ್ದ, ಅಮ್ಮ ಬರೆದುಕೊಳ್ಳುತ್ತಿದ್ದರು. ಬಣ್ಣದ ಪೆನ್ಸಿಲ್ ತಂಗಿಗೆ. ಚೆಸ್ ಬೋರ್ಡ್ ಪಕ್ಕದ ಬೆಡ್ಡಿನ ಹುಡುಗನಿಗೆ. ಸೈಕಲ್ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಅದು ಯಾರಿಗಪ್ಪಾ ಎಂದು ಕೇಳಿದೆ.

"ಅದು ಇರ್ಲಿ, ಡಾಕ್ಟ್ರೇ. ಬೇಕಾಗಬಹುದು," ಎಂದ.